ಸ್ಕೂಟರಿನ ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಒಯ್ಯುವ ಕ್ರಮ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿರುವ ಬಹಳಷ್ಟು ಮಂದಿಗೆ ವಿದ್ಯುತ್ ಸ್ಕೂಟರ್ ಕೊಳ್ಳುವ ಆಸೆ ಇದ್ದರೂ ಅದನ್ನು ಎಲ್ಲಿ ಚಾರ್ಜ್ ಮಾಡುವುದು ಎಂಬ ಪ್ರಶ್ನೆಯ ಮುಂದೆ ಆ ಆಸೆ ನಿಂತುಬಿಡುತ್ತದೆ. ಗಾಡಿ ನಿಲ್ಲುವುದು ರಸ್ತೆಯ ಬದಿಯಲ್ಲಿ, ಮನೆ ಇರುವುದು ಎರಡನೆಯ ಅಥವಾ ಮೂರನೆಯ ಮಹಡಿಯಲ್ಲಿ, ಕೆಳಗಡೆ ಒಂದು ಪ್ಲಗ್ ಪಾಯಿಂಟ್ ಇದ್ದರೂ ಅದು ಮಾಲೀಕರ ಮೀಟರಿಗೆ ಸೇರಿದ್ದು. ಕಿಟಕಿಯಿಂದ ಉದ್ದನೆಯ ವೈರ್ ಇಳಿಬಿಟ್ಟು ಚಾರ್ಜ್ ಮಾಡುವವರೂ ಇದ್ದಾರೆ, ಆದರೆ ಮಳೆಗಾಲದಲ್ಲಿ ಓಡಾಡುವವರ ತಲೆಯ ಮೇಲೆ ವಿದ್ಯುತ್ ಹರಿಯುವ ತಂತಿಯನ್ನು ಜೋತುಬಿಡುವುದು ಯಾವ ರೀತಿಯಿಂದಲೂ ಒಪ್ಪತಕ್ಕದ್ದಲ್ಲ. ಇಂಥ ಮನೆಗಳವರಿಗೆ ಬಿಚ್ಚಿ ತೆಗೆಯಬಹುದಾದ ಬ್ಯಾಟರಿಯಿರುವ ಗಾಡಿ ಒಳ್ಳೆಯ ದಾರಿ. ಗಾಡಿ ಕೆಳಗೇ ಉಳಿಯುತ್ತದೆ, ಬ್ಯಾಟರಿ ಮಾತ್ರ ಮೇಲೆ ಬಂದು ಮನೆಯ ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತದೆ, ಖರ್ಚು ನಮ್ಮ ಕರೆಂಟ್ ಬಿಲ್ಲಿನಲ್ಲೇ ಸೇರುತ್ತದೆ.

ಈ ಅನುಕೂಲ ವರ್ಷಗಟ್ಟಲೆ ಅನುಕೂಲವಾಗಿಯೇ ಉಳಿಯಬೇಕಾದರೆ, ಮನೆಯವರು ದಿನವೂ ಹೊರಬಲ್ಲಷ್ಟೇ ತೂಕದ ಬ್ಯಾಟರಿಯನ್ನು ಆರಿಸಿಕೊಳ್ಳಬೇಕು, ಮನೆಯೊಳಗೆ ಅದನ್ನಿಡಲು ತಕ್ಕ ಜಾಗವನ್ನು ಗಾಡಿ ಬರುವ ಮೊದಲೇ ಸಿದ್ಧಪಡಿಸಿರಬೇಕು. ತೂಕದ ಬಗ್ಗೆ ಕೊಳ್ಳುವವರು ಹೇಗೋ ವಿಚಾರಿಸುತ್ತಾರೆ. ಜಾಗದ ಬಗ್ಗೆ ಬಹುತೇಕ ಯಾರೂ ಯೋಚಿಸುವುದಿಲ್ಲ, ಆದ್ದರಿಂದ ಈ ಬರಹದಲ್ಲಿ ಅದಕ್ಕೆ ಹೆಚ್ಚು ಸ್ಥಳ ಕೊಟ್ಟಿದೆ.

ಮೊದಲು ಗಾಡಿಯ ಆಯ್ಕೆ. ಏಥರ್ 450, ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್ ಮೊದಲಾದ ಗಾಡಿಗಳಲ್ಲಿ ಬ್ಯಾಟರಿಯನ್ನು ಗಾಡಿಯ ಒಡಲಿಗೇ ಬಿಗಿದಿರುವುದರಿಂದ ಮನೆಯಲ್ಲಿ ಅದನ್ನು ಬಿಚ್ಚಲಾಗದು, ಬಿಚ್ಚಲು ಹೋಗಲೂಬಾರದು. 2021ರ ಡಿಸೆಂಬರಿನಲ್ಲಿ ಬಂದ ಬೌನ್ಸ್ ಇನ್ಫಿನಿಟಿ ಇ1, 2022ರ ಅಕ್ಟೋಬರಿನಲ್ಲಿ ಬಂದ ಹೀರೋದವರ ವಿಡಾ ವಿ1 ಮುಂತಾದವುಗಳಲ್ಲಿ ಸೀಟನ್ನು ಎತ್ತಿ ಬ್ಯಾಟರಿಯನ್ನು ಹೊರತೆಗೆಯಬಹುದು. ವಿಡಾ ವಿ1ರಲ್ಲಿ ಒಟ್ಟು ಸಾಮರ್ಥ್ಯವನ್ನು ಎರಡು ಬ್ಯಾಟರಿಗಳಿಗೆ ಹಂಚಿದ್ದಾರೆ. ಬೆಂಗಳೂರಿನದೇ ಆದ ಸಿಂಪಲ್ ಒನ್ ಗಾಡಿಯ ಮೊದಲ ಆವೃತ್ತಿಯಲ್ಲಿ ಒಂದು ದೊಡ್ಡ ಬ್ಯಾಟರಿ ಗಾಡಿಯಲ್ಲೇ ಇದ್ದು, ಚಿಕ್ಕದೊಂದನ್ನು ಮಾತ್ರ ತೆಗೆಯುವ ಏರ್ಪಾಡಿತ್ತು. ಆದ್ದರಿಂದ ಅಂಗಡಿಯಲ್ಲಿ ‘ಬ್ಯಾಟರಿ ತೆಗೆಯಬಹುದೇ’ ಎಂದು ಕೇಳಿದರೆ ಸಾಲದು. ಎಷ್ಟು ಭಾಗ ತೆಗೆಯಬಹುದು, ಅದರಿಂದ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಬಿಡಿಸಿ ಕೇಳಬೇಕು.

ಇಲ್ಲಿ ಇನ್ನೊಂದು ವ್ಯತ್ಯಾಸ ಅನೇಕರ ಗಮನಕ್ಕೆ ಬಾರದೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಹೋಂಡಾ ಸಂಸ್ಥೆ ಬೆಂಗಳೂರಿನಲ್ಲಿ ಅನಾವರಣಗೊಳಿಸಿದ ಆಕ್ಟಿವಾ ಇ ಗಾಡಿಯಲ್ಲಿ ತಲಾ ಸುಮಾರು 10 ಕಿಲೋ ತೂಗುವ ಎರಡು ಬ್ಯಾಟರಿಗಳಿವೆ. ಅವುಗಳನ್ನು ಸಲೀಸಾಗಿ ಹೊರತೆಗೆಯಬಹುದು, ಆದರೆ ಮನೆಗೆ ತಂದು ಚಾರ್ಜ್ ಮಾಡುವುದಕ್ಕಾಗಿ ಅವು ಇರುವುದಲ್ಲ. ಖಾಲಿಯಾದದ್ದನ್ನು ಸಂಸ್ಥೆಯ ವಿನಿಮಯ ಕೇಂದ್ರದಲ್ಲಿಟ್ಟು ತುಂಬಿದ್ದನ್ನು ಪಡೆಯುವುದಷ್ಟೇ ಅಲ್ಲಿಯ ಕ್ರಮ. 2017ರಲ್ಲಿ ಆರಂಭವಾದ ಬೆಂಗಳೂರಿನ ಸನ್ ಮೊಬಿಲಿಟಿಯ ವ್ಯವಸ್ಥೆಯೂ ಇದೇ ತತ್ವದ್ದು. ದಿನವಿಡೀ ಓಡಾಡುವ ಡೆಲಿವರಿ ಕೆಲಸದವರಿಗೆ ಇದು ಬಹಳ ಒಳ್ಳೆಯದು, ಏಕೆಂದರೆ ಚಾರ್ಜ್ ಆಗುವವರೆಗೆ ಕಾಯುವ ಮಾತೇ ಅಲ್ಲಿಲ್ಲ. ಮನೆಯ ಹತ್ತಿರ ಕೇಂದ್ರವಿಲ್ಲದವರು, ಜಿಲ್ಲಾ ಕೇಂದ್ರಗಳಿಗೂ ಹಳ್ಳಿಗಳಿಗೂ ಓಡಾಡುವವರು ಇಂಥ ಗಾಡಿ ಕೊಳ್ಳುವ ಮೊದಲು ತಮ್ಮ ದಾರಿಯಲ್ಲಿ ಕೇಂದ್ರಗಳಿವೆಯೇ ಎಂದು ನೋಡಿಕೊಳ್ಳುವುದು ಅಗತ್ಯ.

ತೂಕದ ಲೆಕ್ಕ ಕಷ್ಟದ್ದೇನಲ್ಲ. ಕರೆಂಟ್ ಬಿಲ್ಲಿನಲ್ಲಿ ನಾವು ಓದುವ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಅವರ್ ಶಕ್ತಿಯನ್ನು ಹಿಡಿದಿಡುವ ಲಿಥಿಯಂ ಅಯಾನ್ ಬ್ಯಾಟರಿ ಅದರ ಕವಚ, ಹಿಡಿ ಎಲ್ಲವೂ ಸೇರಿ ಸುಮಾರು ಆರರಿಂದ ಎಂಟು ಕಿಲೋ ತೂಗುತ್ತದೆ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದಾದರೆ ಅದಕ್ಕಿಂತ ತುಸು ಹೆಚ್ಚು. ಬ್ಯಾಟರಿಯ ಮೇಲೆ ವೋಲ್ಟ್ ಮತ್ತು ಆಂಪಿಯರ್ ಅವರ್ ಮಾತ್ರ ಬರೆದಿದ್ದರೆ ಅವೆರಡನ್ನೂ ಗುಣಿಸಿದಾಗ ವ್ಯಾಟ್ ಅವರ್ ಸಿಗುತ್ತದೆ. 51.2 ವೋಲ್ಟಿನ 30 ಆಂಪಿಯರ್ ಅವರ್ ಬ್ಯಾಟರಿ ಎಂದರೆ 1536 ವ್ಯಾಟ್ ಅವರ್, ಅಂದರೆ ಒಂದೂವರೆ ಯೂನಿಟ್, ತೂಕ ಹತ್ತು ಹನ್ನೆರಡು ಕಿಲೋದ ಆಸುಪಾಸು. ಇಂಥ ಎರಡು ಬ್ಯಾಟರಿಗಳನ್ನು ಒಟ್ಟಿಗೆ ಹೊರುವುದೆಂದರೆ ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಮೇಲಕ್ಕೆ ಸಾಗಿಸಿದಷ್ಟೇ ಶ್ರಮ. ಪೆಡಲ್ ತುಳಿಯುವ ವಿದ್ಯುತ್ ಸೈಕಲ್ಲಿನ ಬ್ಯಾಟರಿಯಾದರೆ ಎರಡೂವರೆ ಮೂರು ಕಿಲೋ ಇದ್ದು, ಶಾಲಾ ಮಕ್ಕಳೂ ಒಯ್ಯಬಲ್ಲಷ್ಟು ಹಗುರವಾಗಿರುತ್ತದೆ.

ಅಂಗಡಿಯವರು ತಾವೇ ಬ್ಯಾಟರಿಯನ್ನು ಎತ್ತಿ ತೋರಿಸಿದರೆ ಅದರಿಂದ ಪ್ರಯೋಜನವಿಲ್ಲ. ಮನೆಯಲ್ಲಿ ಅದನ್ನು ಹೊರಬೇಕಾದವರು ಯಾರೋ ಅವರೇ ಬಂದು ಸೀಟಿನಡಿಯಿಂದ ಎತ್ತಿ, ಹಿಡಿದು ಒಂದಿಷ್ಟು ನಡೆದು, ಮತ್ತೆ ಒಳಗಿಟ್ಟು ನೋಡಬೇಕು. ಎತ್ತುವ ಕಷ್ಟ ಇರುವುದು ತೂಕದಲ್ಲಿ ಮಾತ್ರವಲ್ಲ. ಬ್ಯಾಟರಿ ಕೂರುವ ಗೂಡು ಆಳವಾಗಿದ್ದರೆ ಬಾಗಿ, ಕೈ ಚಾಚಿ, ಲಂಬವಾಗಿ ಮೇಲಕ್ಕೆ ಎಳೆಯಬೇಕಾಗುತ್ತದೆ, ಗಿಡ್ಡಗಿರುವವರಿಗೂ ಬೆನ್ನುನೋವಿನವರಿಗೂ ಹತ್ತು ಕಿಲೋ ಅಲ್ಲಿ ಹದಿನೈದಾಗಿ ತೋರುತ್ತದೆ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿರುವವರು ಒಂದೇ ದೊಡ್ಡ ಬ್ಯಾಟರಿಯ ಗಾಡಿಗಿಂತ ಎರಡು ಚಿಕ್ಕ ಬ್ಯಾಟರಿಗಳದನ್ನು ಆರಿಸಿಕೊಳ್ಳುವುದು ಮೇಲೆಂಬುದು ನನ್ನ ಅಭಿಪ್ರಾಯ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಾಡುವವರಿಗೆ ಅರವತ್ತು ಕಿಲೋಮೀಟರ್ ಕೊಡುವ ಬ್ಯಾಟರಿಯನ್ನು ದಿನ ಬಿಟ್ಟು ದಿನ ಮೇಲೆ ಒಯ್ದರೆ ಸಾಕಾಗುತ್ತದೆ. ಪೂರ್ತಿ ಖಾಲಿಯಾಗುವವರೆಗೆ ಕಾಯುವ ಅಗತ್ಯ ಲಿಥಿಯಂ ಬ್ಯಾಟರಿಗಳಿಗಿಲ್ಲ.

ಇಡುವ ಜಾಗ

2022ರ ಏಪ್ರಿಲಿನಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲೂ ಆಂಧ್ರಪ್ರದೇಶದ ವಿಜಯವಾಡದಲ್ಲೂ ಕೆಲವೇ ದಿನಗಳ ಅಂತರದಲ್ಲಿ, ಗಾಡಿಯಿಂದ ಬಿಚ್ಚಿ ಮನೆಯೊಳಗೆ ಚಾರ್ಜಿಗಿಟ್ಟಿದ್ದ ಬ್ಯಾಟರಿಗಳು ಸಿಡಿದು ಮಲಗಿದ್ದವರು ಪ್ರಾಣ ಕಳೆದುಕೊಂಡರು. ಇಂಥ ಘಟನೆಗಳ ನಂತರ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಮಾನಕವನ್ನು ಬಿಗಿಗೊಳಿಸಿ, ಬ್ಯಾಟರಿಯೊಳಗಿನ ಕೋಶಗಳು (ಸೆಲ್‌ಗಳು), ಅವುಗಳನ್ನು ನಿಯಂತ್ರಿಸುವ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ, ಚಾರ್ಜರ್ ಮತ್ತು ಒಂದು ಕೋಶದ ಬೆಂಕಿ ಇನ್ನೊಂದಕ್ಕೆ ಹಬ್ಬುವುದರ ಬಗ್ಗೆ ಹೆಚ್ಚಿನ ನಿಬಂಧನೆಗಳನ್ನು 2022ರ ಡಿಸೆಂಬರ್ 1 ಹಾಗೂ 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಇಂದಿನ ಬ್ಯಾಟರಿಗಳು ಆ ಕಾಲದವಕ್ಕಿಂತ ಹೆಚ್ಚು ಸುರಕ್ಷಿತವಾಗಿದ್ದರೂ, ಬೆಂಕಿ ಹೊತ್ತಿದರೆ ಅದು ನಿಮಿಷಗಳಲ್ಲಿ ಕೋಣೆಯನ್ನು ವಿಷದ ಹೊಗೆಯಿಂದ ತುಂಬುತ್ತದೆ ಎಂಬುದು ಬದಲಾಗಿಲ್ಲ. ಆದ್ದರಿಂದ ಜಾಗವನ್ನು ಆರಿಸುವಾಗ, ಇಲ್ಲಿ ಬೆಂಕಿ ಹೊತ್ತಿದರೆ ಮನೆಯವರೆಲ್ಲರೂ ಯಾವ ದಾರಿಯಿಂದ ಹೊರಬೀಳುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು.

ಹೀಗೆ ಕೇಳಿಕೊಂಡಾಗ ಹೆಚ್ಚಿನ ಮನೆಗಳಲ್ಲಿ ಈಗ ಬ್ಯಾಟರಿ ಇಡುವ ಜಾಗವೇ ತಪ್ಪೆಂದು ತಿಳಿಯುತ್ತದೆ. ಮೆಟ್ಟಿಲು ಹತ್ತಿ ಬಂದವರು ಬಾಗಿಲು ತೆರೆದು, ಕೈಯ ಭಾರವನ್ನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಇಳಿಸಿ, ಹತ್ತಿರದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿಬಿಡುತ್ತಾರೆ. ನಮ್ಮ ಬಾಡಿಗೆ ಮನೆಗಳಿಗೆ ಸಾಮಾನ್ಯವಾಗಿ ಇರುವುದು ಒಂದೇ ಬಾಗಿಲು, ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ಬಾಗಿಲ ಬಳಿಯ ಬೆಂಕಿ ಒಳಗಿರುವವರನ್ನೆಲ್ಲ ಒಳಗೇ ಕೂಡಿಹಾಕುತ್ತದೆ. ಮನೆಯ ಹೊರಗಿನ ಮೆಟ್ಟಿಲ ಕೆಳಗೆ ಅಥವಾ ಓಣಿಯಲ್ಲಿ ಇಡುವುದು ಇನ್ನೂ ಕೆಟ್ಟದ್ದು, ಅದು ಇಡೀ ಕಟ್ಟಡದವರ ದಾರಿಯನ್ನು ಮುಚ್ಚುತ್ತದೆ. ಮಲಗುವ ಕೋಣೆಯಂತೂ ಕೂಡದೇ ಕೂಡದು.

ಎರಡನೆಯ ಆಯ್ಕೆಯಾಗಿ ಅನೇಕರು ಅಡುಗೆಮನೆಯ ಹಿಂದಿನ ಯುಟಿಲಿಟಿಯನ್ನು ನೆನೆಯುತ್ತಾರೆ. ವಾಷಿಂಗ್ ಮಷೀನಿಗೆಂದು ಹಾಕಿಸಿದ ದೊಡ್ಡ ಸಾಕೆಟ್ ಅಲ್ಲಿರುತ್ತದೆ, ನೆಲಕ್ಕೆ ಟೈಲ್ಸ್ ಇರುತ್ತದೆ, ಗಾಳಿಯೂ ಆಡುತ್ತದೆ. ಆದರೆ ಬಹುತೇಕ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಇರುವುದೂ ಅಲ್ಲಿಯೇ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ, ಬ್ಯಾಟರಿ ಮತ್ತು ಚಾರ್ಜರ್ ಕೂಡ ನೆಲದ ಮೇಲೆಯೇ ಇರುತ್ತವೆ. ಸಿಲಿಂಡರ್ ಇರುವ ಯುಟಿಲಿಟಿಯನ್ನು ಈ ಕೆಲಸಕ್ಕೆ ಬಳಸಲೇಬಾರದು. ಪೈಪಿನ ಅನಿಲ ಬರುವ ಮನೆಯಾಗಿದ್ದು, ಅದರ ಕೊಳವೆಯೂ ಮೀಟರೂ ಆ ಮೂಲೆಯಲ್ಲಿಲ್ಲದಿದ್ದರೆ ಆ ಮಾತು ಬೇರೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸೂಕ್ತವಾದದ್ದು ಮುಂಬಾಗಿಲಿನಿಂದ ದೂರವಿರುವ, ಮೇಲೆ ಸೂರಿದ್ದು ನೇರ ಬಿಸಿಲೂ ಇರಿಚಲೂ ಬೀಳದ ಬಾಲ್ಕನಿ. ನಡುವಿನ ಬಾಗಿಲನ್ನು ಮುಚ್ಚಿಬಿಟ್ಟರೆ ಹೊಗೆ ಮನೆಯೊಳಗೆ ನುಗ್ಗುವುದು ತಡವಾಗುತ್ತದೆ. ಅಲ್ಲಿ ಕಡಪ ಕಲ್ಲು, ಗ್ರಾನೈಟ್ ಅಥವಾ ಟೈಲ್ಸಿನ ಬರಿನೆಲದ ಮೇಲೆ ಬ್ಯಾಟರಿಯನ್ನು ಇಟ್ಟು, ಸುತ್ತ ಒಂದು ಮೀಟರಿನಷ್ಟು ದೂರ ಪರದೆ, ಒಣಗಲು ಹಾಕಿದ ಬಟ್ಟೆ, ಹಳೆಯ ಪತ್ರಿಕೆಗಳ ಕಟ್ಟು, ರಟ್ಟಿನ ಪೆಟ್ಟಿಗೆ ಯಾವುದೂ ಇರದಂತೆ ನೋಡಿಕೊಳ್ಳಬೇಕು. ಬಾಲ್ಕನಿಯಿಲ್ಲದ ಮನೆಯಲ್ಲಿ ಬಾಗಿಲಿನಿಂದ ಆದಷ್ಟು ದೂರದ, ಯಾರೂ ಮಲಗದ ಕೋಣೆಯ ಕಿಟಕಿಯ ಬದಿಯನ್ನು ಆರಿಸಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿ 40 ಡಿಗ್ರಿ ದಾಟುವುದರಿಂದ ಅಲ್ಲಿಯವರು ಹಗಲಿನ ಬದಲು ಬೆಳಗಿನ ಜಾವ ಅಥವಾ ಮುಸ್ಸಂಜೆಯ ನಂತರ, ಮನೆಯವರು ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡುವುದು ಒಳಿತು. ಸಾಮಾನ್ಯ ಲಿಥಿಯಂ ಕೋಶಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು.

ಸಾಕೆಟ್ಟಿನ ವಿಷಯದಲ್ಲಿ ಚಾರ್ಜರಿನ ಮೇಲಿನ ಚೀಟಿಯನ್ನು ಓದಿದರೆ ಸಾಕು. ಐದಾರು ನೂರು ವ್ಯಾಟಿನ ಒಂದು ಚಾರ್ಜರ್ ನಮ್ಮ 230 ವೋಲ್ಟಿನ ಲೈನಿನಿಂದ ಸುಮಾರು ಮೂರು ಆಂಪಿಯರ್ ಎಳೆಯುತ್ತದೆ, ಇದನ್ನು ಸುಸ್ಥಿತಿಯಲ್ಲಿರುವ ಚಿಕ್ಕ ಸಾಕೆಟ್ಟೂ ತಡೆಯಬಲ್ಲದು. ಎರಡು ಚಾರ್ಜರುಗಳನ್ನು ಒಟ್ಟಿಗೆ ಹಾಕುವುದಾದರೆ ಅಥವಾ ಚಾರ್ಜರ್ ಒಂದು ಕಿಲೋವ್ಯಾಟಿನ ಹತ್ತಿರದ್ದಾದರೆ 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರ ಇದ್ದರೂ ಅದರ ಹಿಂದೆ ಅರ್ಥಿಂಗ್ ತಂತಿಯೇ ಇರುವುದಿಲ್ಲವಾದ್ದರಿಂದ ಎಲೆಕ್ಟ್ರಿಷಿಯನ್ ಒಬ್ಬರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಅವಶ್ಯ. ಎಕ್ಸ್‌ಟೆನ್ಶನ್ ಬೋರ್ಡ್ ಬಳಸಬಾರದು. ಯುಪಿಎಸ್ ಲೈನಿನ ಸಾಕೆಟ್ಟಿಗೂ ಚಾರ್ಜರ್ ಹಾಕಬಾರದು, ಕರೆಂಟ್ ಹೋದೊಡನೆ ಮನೆಯ ಯುಪಿಎಸ್ ಗಾಡಿಯ ಬ್ಯಾಟರಿಯನ್ನು ತುಂಬಿಸುತ್ತಾ ತಾನೇ ಬರಿದಾಗುತ್ತದೆ.

ಬಿಚ್ಚುವುದು, ಹೊರುವುದು

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಡುಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿ ನಿಂತ ಗಾಡಿಯಿಂದ ಭಾರವನ್ನು ಎತ್ತುವಾಗ ಗಾಡಿ ಅಲುಗಿ ಉರುಳುವ ಸಂಭವವಿರುತ್ತದೆ. ಕೀಲಿಯನ್ನು ಆಫ್ ಮಾಡಿ, ಸೀಟು ಎತ್ತಿ, ಒಳಗೆ ಎಂಸಿಬಿ, ಅಂದರೆ ವಿದ್ಯುತ್ ಕಡಿಯುವ ಸ್ವಿಚ್ ಇರುವ ಮಾದರಿಯಾದರೆ ಅದನ್ನು ಕೆಳಗಿಳಿಸಿದ ಮೇಲೆಯೇ ಕನೆಕ್ಟರಿಗೆ ಕೈ ಹಾಕಬೇಕು. ಗಾಡಿ ಚಾಲೂ ಇರುವಾಗ ಕನೆಕ್ಟರ್ ಎಳೆದರೆ ಕಿಡಿ ಹಾರಿ, ಅದರ ಲೋಹದ ಮುಖ ಸ್ವಲ್ಪಸ್ವಲ್ಪವೇ ಸುಟ್ಟು, ಕೆಲವು ತಿಂಗಳಲ್ಲಿ ಸಂಪರ್ಕ ಸಡಿಲವಾಗಿ ಬಿಸಿಯಾಗತೊಡಗುತ್ತದೆ. ಕೇಬಲ್ಲಿನ ತುದಿಯಲ್ಲಿ ಪ್ಲಗ್ ಇರುವ ಮಾದರಿಗಳಲ್ಲಿ ಪ್ಲಗ್ಗಿನ ಗಟ್ಟಿ ಭಾಗವನ್ನೇ ಹಿಡಿದು ನೇರವಾಗಿ ಎಳೆಯಬೇಕು, ಕೇಬಲ್ ಹಿಡಿದು ಜಗ್ಗಬಾರದು. ವಿನಿಮಯದ ಬ್ಯಾಟರಿಗಳಂತೆ ತಾನಾಗಿ ಕೂತು ಸಂಪರ್ಕ ಪಡೆಯುವ ಮಾದರಿಗಳಲ್ಲಿ ಚಿಲಕ ಬಿಡಿಸಿ ಹಿಡಿಯನ್ನು ಎತ್ತಿದರೆ ಆಯಿತು. ತೆರೆದ ಲೋಹದ ತುದಿಗಳಿರುವ ಹಳೆಯ ಬ್ಯಾಟರಿಗಳನ್ನು ಮುಟ್ಟುವ ಮೊದಲು ಲೋಹದ ಬಳೆ, ಉಂಗುರ, ಗಡಿಯಾರಗಳನ್ನು ತೆಗೆದಿಡುವುದು ಕ್ಷೇಮ.

ಎತ್ತುವಾಗ ಎರಡೂ ಕೈಗಳಿಂದ ಹಿಡಿಯನ್ನು ಹಿಡಿದು, ಗಾಡಿಗೆ ಆದಷ್ಟು ಹತ್ತಿರ ನಿಂತು, ಬ್ಯಾಟರಿ ಗೂಡಿನಿಂದ ಪೂರ್ತಿ ಹೊರಬಂದ ಮೇಲೆ ಮೈಯನ್ನು ತಿರುಗಿಸುವ ಬದಲು ಪಾದಗಳನ್ನೇ ತಿರುಗಿಸಬೇಕು. ಸೊಂಟ ಉಳುಕುವುದು ಭಾರ ಎತ್ತುವಾಗ ಮಾತ್ರವಲ್ಲ, ಎತ್ತಿದ್ದನ್ನು ಹಿಡಿದುಕೊಂಡು ನಡು ತಿರುಚಿದಾಗಲೂ. ಮೆಟ್ಟಿಲಲ್ಲಿ ಒಂದು ಕೈ ಕಂಬಿಯ ಮೇಲಿರುವಂತೆ ನೋಡಿಕೊಂಡು, ಮಹಡಿಗೊಮ್ಮೆ ನಿಂತು ಕೈ ಬದಲಿಸಬೇಕು. ಎರಡು ಬ್ಯಾಟರಿಗಳಿದ್ದರೆ ಎರಡು ಸಲ ಹತ್ತುವುದೇ ಲೇಸು, ಏಕೆಂದರೆ ಎರಡೂ ಕೈಯಲ್ಲಿ ಭಾರವಿದ್ದವರು ಮುಗ್ಗರಿಸಿದರೆ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ. ದೂರ ನಡೆಯಬೇಕಾದವರು ಅಗಲ ಪಟ್ಟಿಯ ಗಟ್ಟಿ ಚೀಲವನ್ನೋ ತರಕಾರಿ ತರುವ ಗಾಲಿಚೀಲವನ್ನೋ ಬಳಸಬಹುದು, ಆದರೆ ಗಾಲಿಚೀಲವನ್ನು ಮೆಟ್ಟಿಲ ಮೇಲೆ ದಡಬಡ ಎಳೆಯಬಾರದು. ಪ್ರತಿ ಮೆಟ್ಟಿಲಿನ ಕುಲುಕಾಟವೂ ಒಳಗಿನ ಬೆಸುಗೆಗಳಿಗೆ ತಾಗುತ್ತದೆ. ಮಳೆ ಬರುತ್ತಿದ್ದರೆ ಕನೆಕ್ಟರ್ ಇರುವ ಭಾಗವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಒಯ್ದು, ಮೇಲೆ ಬಂದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು.

ಬ್ಯಾಟರಿ ಕೈಜಾರಿ ಬಿದ್ದರೆ ಹೊರಗಿನಿಂದ ಏನೂ ಆಗಿಲ್ಲವೆಂದು ಕಂಡರೂ ಅಂದು ಅದನ್ನು ಮನೆಯೊಳಗೆ ಚಾರ್ಜಿಗೆ ಹಾಕಬಾರದು. ಒಳಗಿನ ಕೋಶ ಜಜ್ಜಿದ್ದರೆ ಬೆಂಕಿ ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು. ಅದನ್ನು ಕಟ್ಟಡದಿಂದ ದೂರ, ಬಯಲಿನಲ್ಲಿಟ್ಟು ಸರ್ವೀಸ್ ಕೇಂದ್ರದವರಿಗೆ ತಿಳಿಸಬೇಕು. ಇಂಥ ಬ್ಯಾಟರಿಯನ್ನು ಲಿಫ್ಟಿನಲ್ಲಿ ಒಯ್ಯುವಂತೆಯೇ ಇಲ್ಲ. 2021ರ ಮೇ ತಿಂಗಳಿನಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ಲಿಫ್ಟಿನೊಳಗೆ ವಿದ್ಯುತ್ ಬೈಕೊಂದು ಹೊತ್ತಿಕೊಂಡಾಗ, ಆ ಚಿಕ್ಕ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡವರಲ್ಲಿ ಹಸುಗೂಸೂ ಸುಟ್ಟಗಾಯಗಳಿಗೆ ತುತ್ತಾಯಿತು.

ಚಾರ್ಜ್ ಮಾಡಿ ಮತ್ತೆ ಕೂರಿಸುವುದು

ಓಡಿ ಬಂದ ಬ್ಯಾಟರಿ ಬೆಚ್ಚಗಿರುತ್ತದೆ. ಅರ್ಧ ಗಂಟೆ ಹಾಗೆಯೇ ಬಿಟ್ಟು, ಮುಟ್ಟಿದರೆ ತಣ್ಣಗೆನಿಸಿದ ಮೇಲೆ ಚಾರ್ಜಿಗಿಡಬೇಕು. ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಮೊದಲು ಚಾರ್ಜರನ್ನು ಬ್ಯಾಟರಿಗೆ ಸೇರಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಬೇಕು, ತೆಗೆಯುವಾಗ ಮೊದಲು ಸ್ವಿಚ್ ಆರಿಸಬೇಕು. ಚಾರ್ಜರಿನ ಫ್ಯಾನಿಗೆ ಗಾಳಿ ಬೇಕು, ಅದನ್ನು ಬಟ್ಟೆಯ ಮೇಲೆ ಇಡಬಾರದು, ಬ್ಯಾಟರಿಯ ಬೆನ್ನಿಗೂ ಇಡಬಾರದು. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಬೇಕೆಂಬುದರಲ್ಲಿ ಯಾವ ವಿನಾಯಿತಿಯೂ ಇಲ್ಲ. ಪಿನ್ ಹೊಂದಿದ ಮಾತ್ರಕ್ಕೆ ವೋಲ್ಟೇಜ್ ಹೊಂದಬೇಕೆಂದೇನಿಲ್ಲ, 60 ವೋಲ್ಟಿನ ವ್ಯವಸ್ಥೆಯ ಚಾರ್ಜರನ್ನು 48 ವೋಲ್ಟಿನ ಬ್ಯಾಟರಿಗೆ ಹಾಕಿದರೆ ಅಪಾಯವನ್ನು ತಡೆಯಲು ಬಿಎಂಎಸ್ ಒಂದೇ ಉಳಿದಿರುತ್ತದೆ. ಎಲ್ಲರೂ ಮಲಗಿದ ಮೇಲೆ ಅಥವಾ ಮನೆಗೆ ಬೀಗ ಹಾಕಿ ಹೊರಟಾಗ ಚಾರ್ಜ್ ನಡೆಯುತ್ತಿರಬಾರದು. ಒಂದೂವರೆ ಯೂನಿಟ್ಟಿನ ಬ್ಯಾಟರಿ ಸಾಮಾನ್ಯ ಚಾರ್ಜರಿನಲ್ಲಿ ಮೂರ್ನಾಲ್ಕು ಗಂಟೆಗಳಲ್ಲಿ ತುಂಬುವುದರಿಂದ ಸಂಜೆ ಏಳಕ್ಕೆ ಹಾಕಿದ್ದು ಮಲಗುವ ಹೊತ್ತಿಗೆ ಮುಗಿದಿರುತ್ತದೆ.

ಮರಳಿ ಕೂರಿಸುವಾಗ ಗೂಡಿನೊಳಗೆ ನೀರು, ಕಲ್ಲಿನ ಚೂರು, ಬಿದ್ದ ನಾಣ್ಯ ಇಲ್ಲವೆಂದು ನೋಡಿ, ಬ್ಯಾಟರಿಯನ್ನು ನಿಧಾನವಾಗಿ ಇಳಿಸಿ, ಕೇಬಲ್ ಅದರ ಕೆಳಗೆ ಸಿಕ್ಕಿಕೊಳ್ಳದಂತೆ ಬದಿಗೆ ಸರಿಸಿ, ಕನೆಕ್ಟರ್ ಕೊನೆಯವರೆಗೆ ಕೂತಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ಅರೆಬರೆ ಕೂತ ಕನೆಕ್ಟರ್ ಹಳ್ಳದಲ್ಲಿ ಗಾಡಿ ಜಿಗಿದಾಗ ಕ್ಷಣಕಾಲ ಬಿಟ್ಟುಕೊಂಡರೆ ನಡುರಸ್ತೆಯಲ್ಲೇ ಮೋಟರ್ ನಿಂತುಹೋಗುತ್ತದೆ. ಎರಡು ಬ್ಯಾಟರಿಗಳ ಗಾಡಿಯನ್ನು ಒಂದರಿಂದಲೇ ಓಡಿಸಬಹುದೇ, ಒಂದು ತುಂಬಿದ್ದು ಇನ್ನೊಂದು ಅರ್ಧವಾಗಿದ್ದರೆ ನಡೆಯುತ್ತದೆಯೇ ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಆ ಪುಟವನ್ನು ಓದಿಕೊಳ್ಳಲೇಬೇಕು.

ಕವಚ ಉಬ್ಬಿಕೊಂಡರೆ, ಹಿಂದೆಂದೂ ಇಲ್ಲದ ರಾಸಾಯನಿಕ ವಾಸನೆ ಬಂದರೆ, ಬುಸುಗುಟ್ಟುವ ಸದ್ದು ಕೇಳಿದರೆ, ಕೈ ತಾಳದಷ್ಟು ಬಿಸಿಯಾದರೆ, ಹತ್ತಿರ ಹೋಗದೆ ಆಗಬಹುದಾದಲ್ಲಿ ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಹೊರಗೆ ಕರೆತಂದು, ಬಾಗಿಲು ಮುಚ್ಚಿ 112ಕ್ಕೆ ಕರೆ ಮಾಡಬೇಕು. ಹೊಗೆ ಬರುತ್ತಿರುವ ಬ್ಯಾಟರಿಯನ್ನು ಹೊರಗೆ ಎಸೆಯುತ್ತೇನೆಂದು ಎತ್ತಿಕೊಳ್ಳಬಾರದು. ಕೋಶಗಳ ಒಳಗೇ ಬಿಸಿ ಹುಟ್ಟುತ್ತಿರುವುದರಿಂದ ಮನೆಯಲ್ಲಿಡುವ ಚಿಕ್ಕ ಅಗ್ನಿಶಾಮಕದಿಂದ ಈ ಬೆಂಕಿ ಪೂರ್ತಿ ಆರುವುದಿಲ್ಲ, ಅಗ್ನಿಶಾಮಕ ದಳದವರು ಧಾರಾಳ ನೀರು ಸುರಿದು ತಂಪು ಮಾಡಬೇಕಾಗುತ್ತದೆ.

ಬ್ಯಾಟರಿ ಮನೆಯಲ್ಲಿದ್ದರೆ ಕೆಳಗಿನ ಗಾಡಿಯನ್ನು ಓಡಿಸಿಕೊಂಡು ಹೋಗುವುದು ಕಳ್ಳನಿಗೆ ಸಾಧ್ಯವಾಗದು, ಇದೂ ಒಂದು ಲಾಭ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ ಆದ್ದರಿಂದ ಅದರ ಕ್ರಮಸಂಖ್ಯೆಯ ಫೋಟೋ ತೆಗೆದಿಟ್ಟುಕೊಂಡು, ಬಿಲ್ಲಿನಲ್ಲಿ ಆ ಸಂಖ್ಯೆ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಹಬ್ಬಕ್ಕೋ ರಜೆಗೋ ವಾರಗಟ್ಟಲೆ ಊರಿಗೆ ಹೋಗುವಾಗ ಬ್ಯಾಟರಿಯನ್ನು ಗಾಡಿಯಿಂದ ತೆಗೆದು, ಅರ್ಧದಷ್ಟು ಚಾರ್ಜ್ ಉಳಿಸಿ, ಚಾರ್ಜರಿನಿಂದ ಬೇರ್ಪಡಿಸಿ ತಂಪಾದ ಒಣ ಜಾಗದಲ್ಲಿಡಬೇಕು. ಪೂರ್ತಿ ತುಂಬಿಸಿಟ್ಟರೆ ಕೋಶಗಳು ಬೇಗ ಸವೆಯುತ್ತವೆ, ಪೂರ್ತಿ ಖಾಲಿ ಬಿಟ್ಟರೆ ಮತ್ತೆ ಚಾರ್ಜ್ ಹಿಡಿಯದೆಯೂ ಹೋಗಬಹುದು. ಕಾರಿನಲ್ಲಿ ಸಾಗಿಸುವುದಾದರೆ ಉರುಳದಂತೆ ನೆಲದ ಮೇಲೆ ಭದ್ರಪಡಿಸಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು. ವಿಮಾನದಲ್ಲಿ ಪ್ರಯಾಣಿಕರು 160 ವ್ಯಾಟ್ ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಒಯ್ಯುವಂತಿಲ್ಲ, ಹಗುರವಾದ ಸೈಕಲ್ ಬ್ಯಾಟರಿಯೂ ಸಾಮಾನ್ಯವಾಗಿ ಈ ಮಿತಿಯನ್ನು ಮೀರಿರುತ್ತದೆ.

ಹಳೆಯ ಗಾಡಿ ಕೊಳ್ಳುವವರು ಬ್ಯಾಟರಿ ತಯಾರಾದ ತಿಂಗಳನ್ನು ನೋಡಬೇಕು. ಮೇಲೆ ಹೇಳಿದ ಎಐಎಸ್ 156ರ ನಿಬಂಧನೆಗಳು ಬರುವ ಮೊದಲಿನದಾದರೆ, ಅಥವಾ ಮುದ್ರೆ ಒಡೆದು ಬೀದಿಯಂಗಡಿಯಲ್ಲಿ ಕೋಶ ಬದಲಿಸಿದ ಗುರುತು ಕಂಡರೆ, ಅದನ್ನು ಮನೆಯೊಳಗೆ ತಂದು ಚಾರ್ಜ್ ಮಾಡಬಾರದೆಂದೇ ನಾನು ಹೇಳುತ್ತೇನೆ. ಆಯುಷ್ಯ ಮುಗಿದ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಾಟಗಾರರಿಗೇ ಒಪ್ಪಿಸಬೇಕು. 2022ರ ಆಗಸ್ಟಿನಲ್ಲಿ ಹೊರಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು, ಮನೆಯ ಇತರ ಕಸದೊಡನೆ ಬೆರೆಸದೆ ಅವರಿಗೆ ತಲುಪಿಸುವ ಹೊಣೆ ಬಳಕೆದಾರರದು.